ಅಂಗಾಲಿನ ದಿಂಡು, ಅಂಗಾಲಿನ ಸಾಲು

ಇವತ್ತು ಬೆಳೆ ವಿಷಯ ಅಲ್ಲ, ಕಾಲಿನ ವಿಷಯ.

ಚರ್ಮದ ಕ್ಯಾನ್ಸರ್ ಅಂದ್ರೆ ಬಿಳಿ ಮೈಬಣ್ಣದವರ ಕಾಯಿಲೆ ಅಂತ ನಾವು ಸುಮ್ಮನಿರ್ತೀವಿ. ಅದರಲ್ಲಿ ಮೆಲನೋಮ ಅನ್ನೋ ಅಪಾಯದ ಜಾತಿ ನಮ್ಮಲ್ಲಿ ಅಪರೂಪ, ನಿಜ. ಆದರೆ ನಮ್ಮಂಥ ಮೈಬಣ್ಣದವರಿಗೆ ಬಂದರೆ ಹೆಚ್ಚಾಗಿ ಬರೋದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಕೆಸರು, ಮುಳ್ಳು, ಒಡಕಿನ ನಡುವೆ ಅಂಗಾಲಿನ ಕಪ್ಪು ಮಚ್ಚೆ ಯಾರ ಕಣ್ಣಿಗೆ ಬೀಳಬೇಕು?

ನಮ್ಮಣ್ಣನ ಹಿಮ್ಮಡಿ ಹತ್ರ ಒಂದು ಮಚ್ಚೆ ಅಗಲ ಆಗ್ತಾ ಇತ್ತು. "ಕೊಯ್ದರೆ ಹರಡುತ್ತೆ" ಅಂತ ಆಸ್ಪತ್ರೆ ಮಾತೇ ಬೇಡ ಅಂತಿದ್ದ. "ಮೊದಲು ಬರೀ ಬೆಳಕಲ್ಲಿ ನೋಡ್ತಾರೆ ಬಾರಣ್ಣ" ಅಂತ ಕರ್ಕೊಂಡು ಹೋದೆ.

ಚರ್ಮದ ಡಾಕ್ಟ್ರು ನೋಡಿದ್ದು ಡರ್ಮೋಸ್ಕೋಪಲ್ಲಿ. ಕೈಯಲ್ಲಿ ಹಿಡಿಯೋ ಭೂತಗನ್ನಡಿ, ಸುಮಾರು 10 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಸುತ್ತ ಎಲ್‌ಇಡಿ ದೀಪ. ಬಾವಿ ನೀರಿನ ಮೇಲೆ ಬಿಸಿಲು ಹೊಳೆಯೋವಾಗ ಒಳಗೆ ಏನೂ ಕಾಣಲ್ಲ, ನೆರಳು ಮಾಡಿದ್ರೆ ಕಾಣುತ್ತೆ ಅಲ್ವಾ? ಹಾಗೇ ಚರ್ಮದ ಮೇಲಿನ ಹೊಳಪನ್ನ ಇದರ ಪೋಲರೈಸ್ಡ್ ಗಾಜು ತಡೆದು, ಒಳಗಿಂದ ವಾಪಸ್ ಬರೋ ಬೆಳಕನ್ನ ಬಿಡುತ್ತೆ. ಸೂಜಿ ಇಲ್ಲ, ನೋವಿಲ್ಲ.

ಅಂಗಾಲಿನ ಚರ್ಮ, ಕಬ್ಬಿಗೆ ದಿಂಡು ಎತ್ತಿ ಸಾಲು ಬಿಟ್ಟ ಹೊಲ ಇದ್ದಂಗೆ. ಬೆವರಿನ ರಂಧ್ರ ಇರೋದು ದಿಂಡಿನ ಮೇಲೆ. ಸಾಮಾನ್ಯ ಮಚ್ಚೆಯ ಬಣ್ಣ ಹೆಚ್ಚಾಗಿ ಸಾಲಲ್ಲಿ ನಿಲ್ಲುತ್ತೆ, ನೀರು ನಿಂತ ಹಾಗೆ. ಮೆಲನೋಮದ ಬಣ್ಣ ದಿಂಡಿನ ಮೇಲೆ ಪಟ್ಟೆಯಾಗಿ ಕಾಣುತ್ತೆ. ಈ ವ್ಯತ್ಯಾಸ ಗುರುತಿಸಿದವರು ಜಪಾನಿನ ಚರ್ಮವೈದ್ಯರು.

ಲೇಸರ್ ಬೆಳಕಲ್ಲಿ ಜೀವಕೋಶವನ್ನೇ ತೋರಿಸೋ ಕಾನ್‌ಫೋಕಲ್ ಯಂತ್ರಾನೂ ಇದೆ. ಆದರೆ ಆ ಬೆಳಕು ಇಳಿಯೋದು ಕಾಲು ಮಿಲಿಮೀಟರ್ ಆಸುಪಾಸು. ಅಂಗಾಲಿನ ದಪ್ಪ ಚರ್ಮದಲ್ಲಿ ಅದು ಕಷ್ಟ.

ಡಾಕ್ಟ್ರು ಫೋಟೋ ತೋರಿಸಿದಾಗ ಅಣ್ಣನೇ ಹೇಳಿದ, "ದಿಂಡಿನ ಮೇಲೇ ಐತಲ್ಲೋ." ಚೂರು ತೆಗೆದು ಬಯಾಪ್ಸಿಗೆ ಕಳಿಸೋಕೂ ಅವನೇ ಒಪ್ಪಿದ. ಬೆಳಕು ಅನುಮಾನ ತೋರಿಸುತ್ತೆ, ಖಾತ್ರಿ ಮಾಡೋದು ಬಯಾಪ್ಸಿನೇ. ಚೂರು ತೆಗೆದ್ರೆ ಹರಡುತ್ತೆ ಅನ್ನೋದು ಸುಳ್ಳು. ತಡ ಮಾಡಿದ್ರೆ ಹರಡೋದು ನಿಜ. ಅಣ್ಣನ ರಿಪೋರ್ಟ್ ಇನ್ನೂ ಬಂದಿಲ್ಲ, ಕಾಯ್ತಾ ಇದೀವಿ.

ಇವತ್ತು ಸಂಜೆ ಕಾಲು ತೊಳೆದ ಮೇಲೆ ಮನೆಯವರೆಲ್ಲರ ಅಂಗಾಲು ನೋಡಿ. ಹೊಸ ಮಚ್ಚೆ, ಅಗಲ ಆಗ್ತಿರೋ ಮಚ್ಚೆ, ಅಂಚು ವಕ್ರ, ಎರಡು ಮೂರು ಬಣ್ಣ, ಮಾಯದ ಹುಣ್ಣು, ಉಗುರಲ್ಲಿ ದಪ್ಪ ಆಗ್ತಿರೋ ಕಪ್ಪು ಗೆರೆ ಇದ್ರೆ ಚರ್ಮದ ಡಾಕ್ಟ್ರ ಹತ್ರ ಹೋಗಿ. "ಡರ್ಮೋಸ್ಕೋಪಲ್ಲಿ ಒಂದ್ಸಲ ನೋಡಿ ಸಾರ್" ಅಂತ ಬಾಯಿ ಬಿಟ್ಟು ಕೇಳಿ.