ಇನ್‌ಚಾರ್ಜ್ ಪ್ರಿನ್ಸಿಪಾಲ್

ನಿಮ್ಮ ಕಾಲೇಜಿನ ಪ್ರಿನ್ಸಿಪಾಲರ ಹೆಸರು ನೆನಪಿದೆಯಾ? ಚೆನ್ನಾಗಿ ಪಾಠ ಮಾಡಿದ ಒಬ್ಬರೋ ಇಬ್ಬರೋ ಮೇಷ್ಟ್ರ ಹೆಸರು ತಟ್ಟನೆ ಬಾಯಿಗೆ ಬರುತ್ತೆ. ಪ್ರಿನ್ಸಿಪಾಲರದ್ದು ಅಂದ್ರೆ ಸ್ವಲ್ಪ ಯೋಚಿಸಬೇಕು. ನನಗೆ ಆ ಕಷ್ಟ ಇಲ್ಲ. ನಮ್ಮೂರಿನ ಕಾಲೇಜಿಗೆ ನಮ್ಮಪ್ಪನೇ ಪ್ರಿನ್ಸಿಪಾಲ್. ಸರಿಯಾಗಿ ಹೇಳಬೇಕೆಂದರೆ, ಇನ್‌ಚಾರ್ಜ್ ಪ್ರಿನ್ಸಿಪಾಲ್.

ಗೊತ್ತಿಲ್ಲದವರಿಗೆ ಒಂದು ಮಾತು. ಅನುದಾನಿತ ಕಾಲೇಜುಗಳಲ್ಲಿ ಸಂಬಳ ಸರ್ಕಾರದ್ದು, ಕಟ್ಟಡ ಆಡಳಿತ ಮಂಡಳಿಯದ್ದು. ಕಾಯಂ ಪ್ರಾಂಶುಪಾಲರನ್ನು ನೇಮಿಸೋಕೆ ಇಬ್ಬರ ಒಪ್ಪಿಗೆಯೂ ಬೇಕು. ಅದಾಗುವವರೆಗೆ ಇರೋರಲ್ಲಿ ಹಿರಿಯರು ಕುರ್ಚಿ ನೋಡಿಕೊಳ್ಳಬೇಕು. ಈ ‘ಅದಾಗುವವರೆಗೆ’ ಎಷ್ಟೋ ಕಡೆ ವರ್ಷಗಟ್ಟಲೆ ಎಳೆಯುತ್ತೆ. ಅಪ್ಪನಿಗೆ ನಾಲ್ಕು ವರ್ಷ ಎಳೀತು, ರಿಟೈರ್ ಆಗುವ ದಿನದವರೆಗೂ.

ಇದೆಲ್ಲ ಈಗ ಯಾಕೆ ಅಂತೀರಾ? ಹೋದ ತಿಂಗಳು ಆಫೀಸಿನಲ್ಲಿ ನನ್ನನ್ನು ಕರೆದು, ಟೀಮ್ ನಡೆಸ್ತೀಯಾ, ಮ್ಯಾನೇಜರ್ ಆಗ್ತೀಯಾ ಅಂತ ಕೇಳಿದರು. ನಾನಿರೋದು ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ. ಹಗಲು ಡೇಟಾ ಸೈನ್ಸ್ ಕೆಲಸ. ಮಂಗಳವಾರ ಸಂಜೆ ಮಾತ್ರ ಹತ್ತಿರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ. ಮ್ಯಾನೇಜರ್ ಆದರೆ ಆ ಸಂಜೆ ಹೋಗುತ್ತೆ. ಸಂಜೆಯ ಹೊತ್ತಿಗೇ ಬೇರೆ ದೇಶದ ಟೀಮ್ ಜೊತೆ ಮೀಟಿಂಗು.

ಇಲ್ಲಿ ನನ್ನಂಥವರಿಗೆ ಅಡ್ಜಂಕ್ಟ್ ಅಂತಾರೆ. ನಮ್ಮ ಕಡೆಯ ಅತಿಥಿ ಉಪನ್ಯಾಸಕರ ಅಮೆರಿಕದ ದಾಯಾದಿ ಅಂದ್ಕೊಳ್ಳಿ. ಒಂದು ಸೆಮಿಸ್ಟರಿಗೆ ಒಂದು ಕಾಂಟ್ರಾಕ್ಟ್, ಒಂದು ಕೋರ್ಸಿಗೆ ಇಷ್ಟು ಅಂತ ದುಡ್ಡು, ಕೂರೋಕೆ ಕೋಣೆ ಇಲ್ಲ. ಅಮೆರಿಕದ ಕಾಲೇಜುಗಳಲ್ಲಿ ಪಾಠ ಮಾಡೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಾಯಂ ಹುದ್ದೆಯ ದಾರಿಯಲ್ಲೇ ಇಲ್ಲ. ನನಗೇನೋ ಊಟ ಬೇರೆ ಕಡೆಯಿಂದ ಬರುತ್ತೆ. ಜೆರಾಕ್ಸ್ ಮಷೀನಿನ ಹತ್ತಿರ ಸಿಗುವ ಒಬ್ಬರು ಒಂದೇ ದಿನ ಮೂರು ಕಾಲೇಜಿಗೆ ಕಾರು ಓಡಿಸ್ತಾರೆ. ಅವರ ಉತ್ತರಪತ್ರಿಕೆಗಳೆಲ್ಲ ಕಾರಿನ ಹಿಂದಿನ ಸೀಟಿನಲ್ಲಿ.

ಅಪ್ಪನಿಗೆ ಫೋನ್ ಮಾಡಿ ಕೇಳಿದೆ, ಏನು ಮಾಡಲಿ ಅಂತ. ನಿರೀಕ್ಷೆಯಂತೆ ಎಚ್.ಎನ್. ಬಂದರು. ಅಪ್ಪ ಎಪ್ಪತ್ತರ ದಶಕದಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬಿಎಸ್ಸಿ ಓದಿದವರು. ನಮ್ಮ ಮನೆಯಲ್ಲಿ ಯಾವ ವಾದವಿದ್ದರೂ ಕೊನೆಗೆ ಡಾ. ಎಚ್. ನರಸಿಂಹಯ್ಯನವರ ಹತ್ತಿರ ಹೋಗಿ ನಿಲ್ಲುತ್ತೆ.

ಅವರ ವೃತ್ತಿಜೀವನವನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿದರೆ ಹೀಗಿರುತ್ತೆ: ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ನಂತರ ಅಮೆರಿಕಕ್ಕೆ ಹೋಗಿ 1960ರಲ್ಲಿ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಿಂದ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ. ವಾಪಸ್ ಅದೇ ಕಾಲೇಜಿಗೆ, ಪ್ರಿನ್ಸಿಪಾಲರಾಗಿ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ.

ಆದರೆ ವಿಳಾಸದ ಕಾಲಮ್ಮಿನಲ್ಲಿ ಮಾತ್ರ ಏನೂ ಬದಲಾಗೋದಿಲ್ಲ. ಲೆಕ್ಚರರ್ ಆಗಿದ್ದಾಗಲೂ, ಕುಲಪತಿಯಾದಾಗಲೂ, 2005ರಲ್ಲಿ ತೀರಿಕೊಳ್ಳುವವರೆಗೂ ಇದ್ದದ್ದು ಕಾಲೇಜ್ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಮದುವೆಯಾಗಲಿಲ್ಲ. ಖಾದಿ ಬಟ್ಟೆ, ತಲೆ ಮೇಲೆ ಗಾಂಧಿ ಟೋಪಿ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು, ಸಾಮಾನ್ಯ ಜನ ಬಂದು ವಿಜ್ಞಾನದ ಉಪನ್ಯಾಸ ಕೇಳಲಿ ಅಂತ. ಅವರಿದ್ದ ಕೊಲಂಬಸ್ಸಿಗೆ ನಮ್ಮ ಮನೆಯಿಂದ ಮೂರೂವರೆ ಗಂಟೆ ಡ್ರೈವ್. ಟೊಲೀಡೊ ದಾಟಿ ಹೋಗುವಾಗ ನನಗೆ ಪ್ರತಿ ಸಲ ಅನಿಸುತ್ತೆ, ಇದೇ ಹೊಲಗಳನ್ನು ನೋಡಿದ ಮನುಷ್ಯ ವಾಪಸ್ ಹಾಸ್ಟೆಲ್ ರೂಮಿಗೆ ಹೋದರಲ್ಲ ಅಂತ. ನಾನು ಮಾಸ್ಟರ್ಸ್ ಮುಗಿಸಿ ವಾಪಸ್ ಹೋಗಲಿಲ್ಲ.

“ನೋಡು ಪುಟ್ಟಿ, ಅಧಿಕಾರ ಬಂದ್ರೂ ಅವರು ಮೇಷ್ಟ್ರಾಗೇ ಉಳಿದ್ರು. ಮನಸ್ಸಿದ್ರೆ ಎರಡೂ ಆಗುತ್ತೆ,” ಅಂದರು ಅಪ್ಪ.

ಇಲ್ಲಿ ನನ್ನ ಕಸುಬು ಅಡ್ಡ ಬಂತು. ಸರ್ವೈವರ್‌ಶಿಪ್ ಬಯಸ್ ಅಂತ ಒಂದಿದೆ, ನೀವೂ ಕೇಳಿರ್ತೀರಿ. ಗೆದ್ದು ಉಳಿದವರನ್ನಷ್ಟೇ ಎಣಿಸಿ ಲೆಕ್ಕ ಹಾಕಿದರೆ ಉತ್ತರ ತಪ್ಪಾಗುತ್ತೆ. ಲೆಕ್ಚರರ್ ಆಗಿ ಸೇರಿ ಕುಲಪತಿಯಾದವರು ಅಂದ ಕೂಡಲೇ ನಮಗೆ ಕುವೆಂಪು ನೆನಪಾಗ್ತಾರೆ, ಎಚ್.ಎನ್. ನೆನಪಾಗ್ತಾರೆ. ತಾಲ್ಲೂಕು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ, ಕೊನೆಗೆ ಸ್ಕಾಲರ್‌ಶಿಪ್ ಫಾರಂಗಳಿಗೆ ಸಹಿ ಹಾಕುತ್ತಾ ರಿಟೈರಾದವರು ಯಾವ ಪಟ್ಟಿಯಲ್ಲೂ ಇಲ್ಲ.

“ಅಪ್ಪ, ಅವರಿಗೆ ಸಂಸಾರ ಇರ್ಲಿಲ್ಲ. ನಿಮಗೆ ನಾವಿದ್ವಿ. ಅವರ ಮಾತು ಬಿಡಿ, ನಿಮ್ಮ ವಿಷಯ ಹೇಳಿ. ನಿಮಗೆ ಎರಡೂ ಆಯ್ತಾ?”

ಫೋನಿನಲ್ಲಿ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.

ನನಗೆ ಗೊತ್ತಿದ್ದದ್ದು ಒಂದೇ ಕಥೆ. ಅಪ್ಪ ರಿಟೈರಾಗುವಾಗ ಆಡಿಟ್‌ನವರು ಫಿಸಿಕ್ಸ್ ಲ್ಯಾಬಿನ ಸ್ಟಾಕ್ ರಿಜಿಸ್ಟರ್ ತೆಗೆದು, ಒಂದು ಸ್ಪೆಕ್ಟ್ರೋಮೀಟರ್ ಲೆಕ್ಕಕ್ಕೆ ಸಿಗ್ತಿಲ್ಲ ಅಂದರು. ಅದು ಅಪ್ಪ ಕುರ್ಚಿಗೆ ಬರೋ ಮೊದಲೇ ಕಳೆದುಹೋಗಿದ್ದು. ಆದರೆ ಸಹಿ ಅಪ್ಪನದ್ದು. ಪೆನ್ಷನ್ ಕಾಗದ ಹದಿನಾಲ್ಕು ತಿಂಗಳು ಅಲ್ಲೇ ಕೂತಿತು. ಅಮ್ಮ ಆ ಸ್ಪೆಕ್ಟ್ರೋಮೀಟರನ್ನು ಈಗಲೂ ‘ನಿನ್ನಪ್ಪನ ಸವತಿ’ ಅಂತಾಳೆ. ಅಪ್ಪನಿಗೆ ನೋವಾಗಿರೋದು ಇದಕ್ಕೇ ಅಂತ ನಾನಂದುಕೊಂಡಿದ್ದೆ.

ಅಪ್ಪ ಹೇಳಿದ್ದು ಬೇರೆ.

“ಕುರ್ಚಿಗೆ ಬಂದ ಮೊದಲನೇ ವರ್ಷ ಫೈನಲ್ ಇಯರ್‌ಗೆ ಆಪ್ಟಿಕ್ಸ್ ನಾನೇ ತಗೊಂಡಿದ್ದೆ. ಬಿಡಬಾರದು ಅಂತ ಹಠ. ಒಂದಿನ ಆಡಳಿತ ಮಂಡಳಿ ಮೀಟಿಂಗು, ಒಂದಿನ ಯೂನಿವರ್ಸಿಟಿಗೆ ಓಡಾಟ. ಹುಡುಗರು ಬಾಗಿಲ ಹತ್ರ ಬಂದು, ಸರ್ ಕ್ಲಾಸ್ ಇದ್ಯಾ ಅಂತ ಕೇಳೋರು. ನಾಳೆ ಅಂತಿದ್ದೆ. ಆಮೇಲಾಮೇಲೆ ಅವರು ಕೇಳೋದನ್ನೇ ಬಿಟ್ರು. ಎರಡನೇ ವರ್ಷ ಅದನ್ನ ಅತಿಥಿ ಉಪನ್ಯಾಸಕರಿಗೆ ಕೊಟ್ಟೆ. ಆ ಹುಡುಗನಿಗೆ ಆರು ತಿಂಗಳಿಂದ ಸಂಬಳ ಆಗಿರ್ಲಿಲ್ಲ. ಆ ಕಾಗದಕ್ಕೂ ನಾನೇ ಸಹಿ ಹಾಕ್ಬೇಕಿತ್ತು.”

“ಮತ್ತೆ ಎಚ್.ಎನ್. ಎಚ್.ಎನ್. ಅಂತೀರಲ್ಲ?”

“ನಂಗಾಗ್ಲಿಲ್ಲ. ನಿಂಗಾದ್ರೂ ಆಗ್ಲಿ ಅಂತ ಹೇಳ್ದೆ.”

ನಾನಿನ್ನೂ ಆಫೀಸಿಗೆ ಉತ್ತರ ಕೊಟ್ಟಿಲ್ಲ. ಒಂದು ಪ್ರಶ್ನೆ ಮಾತ್ರ ಕಳಿಸಿದ್ದೇನೆ: ಮಂಗಳವಾರ ಸಂಜೆ ಮೀಟಿಂಗ್ ಇಲ್ಲ ಅಂತ ಬರವಣಿಗೆಯಲ್ಲಿ ಕೊಡ್ತೀರಾ? ‘ನೋಡೋಣ’ ಅಂದಿದ್ದಾರೆ. ಅಪ್ಪನ ‘ನಾಳೆ’ ನೆನಪಾಯಿತು.

ಅತ್ತ ಕಾಲೇಜಿನವರೂ ಮುಂದಿನ ಸೆಮಿಸ್ಟರ್ ಬಗ್ಗೆ ಏನೂ ಹೇಳಿಲ್ಲ, ಅವರೂ ಹೇಳಬೇಕಾಗಿಲ್ಲ. ಅಷ್ಟರಲ್ಲಿ ಈ ಮಂಗಳವಾರದ ಪಾಠ ಇದೆ, ಸ್ಟ್ಯಾಂಡರ್ಡ್ ಡಿವಿಯೇಷನ್. ಹೋದ ವಾರ ಒಬ್ಬ ಹುಡುಗ, ಹಗಲೆಲ್ಲ ಕಾರ್ ಶೆಡ್ಡಿನಲ್ಲಿ ಕೆಲಸ ಮಾಡಿ ಬರೋನು, ಕ್ಲಾಸ್ ಮುಗಿದ ಮೇಲೆ ನಿಂತು, ಮುಂದಿನ ಸಲವೂ ನೀವೇ ಇರ್ತೀರಾ ಅಂತ ಕೇಳಿದ. ಇರ್ತೀನಿ ಅಂದುಬಿಟ್ಟಿದ್ದೇನೆ.