ಯಲಹಂಕದ ಆಕಾಶದಲ್ಲಿ ಅಗ್ನಿಯ ವರ್ಣಗಳು

ನಮ್ಮ ಚೌಳಹಿರಿಯೂರು ಕಡೂರು ಸೀಮೆಯ ಬಯಲಿನ ಊರು. ತೆಂಗು ಮತ್ತು ರಾಗಿ ಇಲ್ಲಿನ ಐಶ್ವರ್ಯ. ಆಕಾಶವನ್ನು ದಿಟ್ಟಿಸುವ ಅಭ್ಯಾಸವು ನಮ್ಮವರಿಗೆ ಹುಟ್ಟಿನಿಂದಲೇ ಬಂದುದಾದರೂ ಅದು ಮಳೆಗಾಗಿಯೇ ಹೊರತು ವಿಮಾನಗಳಿಗಾಗಿ ಅಲ್ಲ. ೨೦೨೫ನೆಯ ಇಸವಿ ಫೆಬ್ರವರಿ ೧೦ರಿಂದ ೧೪ರವರೆಗೆ ಬೆಂಗಳೂರಿನ ಬಳಿಯ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನವು ನಡೆದಾಗ, ಮಗಳ ಮಗನ ಹಠಕ್ಕೆ ಸೋತು, ಬೀರೂರಿನಲ್ಲಿ ರೈಲು ಹತ್ತಿ ನಾನೂ ಹೊರಟೆನು.

ತಿಪಟೂರು ದಾಟುವಷ್ಟರಲ್ಲಿ ಹುಡುಗನು ಕೇಳಿದನು: "ತಾತ, ಹಿಂದಿನಿಂದ ನೀಲಿ ಬೆಂಕಿ ಬಂದರೆ ಒಳ್ಳೆಯ ವಿಮಾನವಂತೆ, ಕೆಂಪಗೆ ಬಂದರೆ ಹಳೆಯದಂತೆ, ನಿಜವೇ?"

"ನಿಮ್ಮ ಅಜ್ಜಿಯ ಒಲೆಯನ್ನು ಕೇಳು" ಎಂದೆನು.

ವಾಚಕರ ಮನೆಯಲ್ಲಿಯೂ ಗ್ಯಾಸಿನ ಒಲೆಯಿರುವುದಷ್ಟೆ. ಅದರ ಉರಿ ನೀಲಿಯಾಗಿರುವಷ್ಟು ಕಾಲ ಪಾತ್ರೆಯ ತಳ ಸ್ವಚ್ಛ. ರಂಧ್ರಗಳಲ್ಲಿ ಕಸ ಕಟ್ಟಿ ಗಾಳಿ ಸಾಲದೆ ಹೋದರೆ ಉರಿ ಹಳದಿಗೆ ತಿರುಗಿ ತಳಕ್ಕೆ ಮಸಿ ಹಿಡಿಯುತ್ತದೆ. ಇಂಧನವೂ ಗಾಳಿಯೂ ಚೆನ್ನಾಗಿ ಬೆರೆತಲ್ಲಿ, ಒಡೆಯುತ್ತಿರುವ ಇಂಧನದ ಅಣುಗಳೇ ನೀಲಿಯ ಬೆಳಕನ್ನು ಬೀರುತ್ತವೆ. ಬೆರೆಯದಿದ್ದಲ್ಲಿ ಇಂಗಾಲದ ಸಣ್ಣ ಕಣಗಳು ಉಳಿದು, ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕಾದು, ಹಳದಿಯಾಗಿಯೋ ಕೆಂಪಾಗಿಯೋ ಹೊಳೆಯುತ್ತವೆ. ಅಕ್ಕಸಾಲಿಗನು ಊದುಗೊಳವೆಯಿಂದ ದೀಪದ ಹಳದಿ ಕುಡಿಯನ್ನು ಊದಿ ನೀಲಿಯಾಗಿಸುವ ಮರ್ಮವೂ ಇದೇ.

ಜೆಟ್ ಎಂಜಿನ್ನು ಉರಿಸುವುದು ಸೀಮೆಎಣ್ಣೆಯ ಜಾತಿಯ ಎಣ್ಣೆಯನ್ನೇ. ಮುಂದಿನಿಂದ ಗಾಳಿಯನ್ನು ಸೆಳೆದು, ಒತ್ತಿ, ಅದರಲ್ಲಿ ಎಣ್ಣೆಯನ್ನು ದಹಿಸಿ, ಟರ್ಬೈನೆಂಬ ಚಕ್ರವನ್ನು ತಿರುಗಿಸಿ, ಬಿಸಿಗಾಳಿಯನ್ನು ಹಿಂದಕ್ಕೆ ಚಿಮ್ಮುತ್ತದೆ. ದಹನವೆಲ್ಲ ಒಳಗೇ ಮುಗಿಯುವುದರಿಂದ ಸಾಮಾನ್ಯವಾಗಿ ಹೊರಗೆ ಜ್ವಾಲೆಯೇ ಕಾಣದು. ಆದರೆ ಟರ್ಬೈನು ಕರಗೀತೆಂಬ ಭಯದಿಂದ ಎಣ್ಣೆಯನ್ನು ಮಿತವಾಗಿ ಉರಿಸುವುದರಿಂದ, ಹೊರಬೀಳುವ ಗಾಳಿಯಲ್ಲಿ ಪ್ರಾಣವಾಯುವಿನ ದೊಡ್ಡ ಪಾಲು ಉಳಿದಿರುತ್ತದೆ. ಯುದ್ಧವಿಮಾನಗಳಲ್ಲಿ ಆ ಗಾಳಿಗೆ ಇನ್ನೊಮ್ಮೆ ಎಣ್ಣೆ ಸಿಂಪಡಿಸಿ ಉರಿಸುವ ಸಾಧನಕ್ಕೆ ಆಫ್ಟರ್‌ಬರ್ನರ್ ಎಂದು ಹೆಸರು. ಅದನ್ನು ಹೊತ್ತಿಸಿದರೆ ನೂಕುಬಲವು ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಎಣ್ಣೆಯ ವೆಚ್ಚವೋ ಎರಡು ಮೂರು ಪಟ್ಟಾಗುತ್ತದೆ. ಬಾಲದಲ್ಲಿ ನಾವು ಕಾಣುವ ಜ್ವಾಲೆ ಇದೇ.

ಆ ದಿನ ರಷ್ಯಾದ ಸುಖೋಯ್-೫೭ ನಮ್ಮ ತಲೆಯ ಮೇಲೆ ನೆಟ್ಟಗೆ ಏರಿತು. ಎದೆಯೊಳಗಿನ ಎಲುಬೆಲ್ಲ ನಡುಗುವ ಸದ್ದು! ಹಗಲಿನ ಬೆಳಕಿನಲ್ಲಿ ಉರಿ ಮಂಕಾಗಿತ್ತು. ಇಂತಹ ಉರಿಯೊಳಗೆ ಕೆಲವೊಮ್ಮೆ ಪೋಣಿಸಿದ ಮಣಿಗಳಂತೆ ಹೊಳಪಿನ ಗಂಟುಗಳು ಸಾಲಾಗಿ ತೋರುವುದುಂಟು. ಹೊರಬರುವ ಅನಿಲದ ಒತ್ತಡವೂ ಸುತ್ತಲಿನ ಗಾಳಿಯ ಒತ್ತಡವೂ ಸಮವಿಲ್ಲದಾಗ, ಅನಿಲವು ಹಿಗ್ಗಿ ಕುಗ್ಗುತ್ತ ಸಾಗಿ, ಕುಗ್ಗಿದೆಡೆಯಲ್ಲೆಲ್ಲ ಹೆಚ್ಚು ಕಾದು ಬೆಳಗುತ್ತದೆ. ಅರ್ನ್‌ಸ್ಟ್ ಮಾಖ್ ಎಂಬ ವಿಜ್ಞಾನಿಯ ಹೆಸರಿನಿಂದ ಅವುಗಳನ್ನು ಮಾಖ್ ವಜ್ರಗಳೆನ್ನುತ್ತಾರೆ.

ಹಾಗಾದರೆ ಬಣ್ಣವನ್ನು ನೋಡಿ ವಿಮಾನದ ಕುಲಗೋತ್ರವನ್ನು ಹೇಳಬಹುದೇ? ಬಹುಮಟ್ಟಿಗೆ ಹೇಳಲಾಗದು. ಒಂದೇ ಎಂಜಿನ್ನು ಎಣ್ಣೆಯ ಪ್ರಮಾಣಕ್ಕೆ ತಕ್ಕಂತೆ ಒಮ್ಮೆ ಕಿತ್ತಳೆಯಾಗಿಯೂ ಒಮ್ಮೆ ನೇರಳೆಯಾಗಿಯೂ ಉರಿಯಬಲ್ಲುದು. ಛಾಯಾಚಿತ್ರಗಳು ಇನ್ನಷ್ಟು ವ್ಯತ್ಯಾಸ ಮಾಡುತ್ತವೆ. ಒಂದು ಅಪವಾದವುಂಟು: ಈಗ ನಿವೃತ್ತವಾಗಿರುವ ಅಮೆರಿಕದ ಬ್ಲ್ಯಾಕ್‌ಬರ್ಡ್ ವಿಮಾನದ ಎಣ್ಣೆಯು ಸುಲಭವಾಗಿ ಹೊತ್ತದ ಕಾರಣ, ಬೋರಾನ್ ಸೇರಿದ ದ್ರವವೊಂದನ್ನು ಚಿಮುಕಿಸಿ ಕಿಡಿ ಹೊತ್ತಿಸುತ್ತಿದ್ದರು, ಆಗ ಹಸುರು ಮಿಂಚು ಕಾಣುತ್ತಿತ್ತು. ಇನ್ನು ಹೊಗೆಯಂತೂ ನಿಜವಾಗಿ ಗುಟ್ಟನ್ನು ಬಿಟ್ಟುಕೊಡುತ್ತದೆ. ಮಿಗ್-೨೯ರ ಕರಿಹೊಗೆ ದೂರಕ್ಕೇ ಕಾಣುವುದೆಂದು ಪ್ರಸಿದ್ಧವಾಗಿದೆ. ಅಮರಕೋಶದಲ್ಲಿ ಅಗ್ನಿಗೆ ಕೃಷ್ಣವರ್ತ್ಮನೆಂಬ ಹೆಸರಿದೆ, ಎಂದರೆ ಕಪ್ಪು ಹಾದಿಯುಳ್ಳವನು. ಅಮರಸಿಂಹನು ಮಿಗ್ಗನ್ನು ಕಾಣದೆಯೇ ಇದನ್ನು ಬರೆದಿಟ್ಟನು.

ತೇಜಸ್ ಹಾರಿದಾಗ ಹುಡುಗನು "ಇದು ನಮ್ಮದು, ತಾತ!" ಎಂದು ಕುಣಿದನು. ವಿಮಾನವೇನೋ ನಮ್ಮದೇ, ಆದರೆ ಬಾಲದ ಬೆಂಕಿ ಅಮೆರಿಕದ್ದು. ಬೆಂಗಳೂರಿನಲ್ಲಿ ೧೯೮೯ರಲ್ಲಿ ಆರಂಭವಾದ ಕಾವೇರಿ ಎಂಜಿನ್ನಿನ ಕಾರ್ಯವು ಈ ವಿಮಾನಕ್ಕೆ ಒದಗಲಿಲ್ಲ. ೨೦೨೧ರಲ್ಲಿ ಕೇಳಿದ ೯೯ ವಿದೇಶಿ ಎಂಜಿನ್ನುಗಳಲ್ಲಿ ಮೊದಲನೆಯದು ಬಂದುದು ೨೦೨೫ರ ಮಾರ್ಚಿಯಲ್ಲಿ. ಅಲ್ಲಿಯವರೆಗೆ ಹೊಸ ತೇಜಸ್ಸುಗಳು ಕಾದವು.

ಈ ಕೊರತೆ ಹಳೆಯದು. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ರೂಪಿಸಿದ ಮಾರುತ್ ಯುದ್ಧವಿಮಾನವು ೧೯೬೧ರ ಜೂನ್ ೧೭ರಂದು ಮೊದಲು ಹಾರಿತು. ಶಬ್ದದ ಎರಡರಷ್ಟು ವೇಗಕ್ಕೆಂದು ಕಡೆದ ಮೈ ಅದರದು. ತಕ್ಕ ಎಂಜಿನ್ನು ದೊರೆಯದೆ, ಆಫ್ಟರ್‌ಬರ್ನರ್ ಇಲ್ಲದ ಎರಡು ಆರ್ಫಿಯಸ್ ಎಂಜಿನ್ನುಗಳಿಂದಲೇ ತೃಪ್ತಿಪಡಬೇಕಾಯಿತು. ಅವಕ್ಕೆ ಆ ಬೆಂಕಿಯನ್ನು ಇಲ್ಲಿಯೇ ಜೋಡಿಸುವ ಯತ್ನ ನಡೆಯಿತು. ಹಾಗೆ ಸಿದ್ಧವಾದ ಮಾರುತ್ತನ್ನು ಪರೀಕ್ಷಿಸಲು ೧೯೭೦ರ ಜನವರಿ ೧೦ರಂದು ಏರಿದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸರು ಮರಳಲಿಲ್ಲ. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯೊಂದಿದೆ. ಬಸ್ಸಿನಲ್ಲಿ ಹಾಯುವ ಎಷ್ಟು ಮಂದಿಗೆ ಅವರು ಯಾರೆಂದು ತಿಳಿದಿದೆಯೋ.

ಮಾರನೆಯ ದಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹುಡುಗನನ್ನು ಕರೆದೊಯ್ದೆನು. ಹೊರಗಡೆಯೇ ಒಂದು ಮಾರುತ್ ನಿಂತಿದೆ. ಅವನು ಅದರ ಮುಂಭಾಗವನ್ನು ನೋಡದೆ ನೇರವಾಗಿ ಹಿಂದಕ್ಕೆ ಹೋಗಿ, ಅಕ್ಕಪಕ್ಕದ ಆ ಎರಡು ಕೊಳವೆಗಳೊಳಗೆ ಬಹಳ ಹೊತ್ತು ಇಣುಕುತ್ತ ನಿಂತನು.