ಬಾಣದ ಗುರುತು

ಬ್ರೂಸ್‌ಪೇಟೆಯ ಆ ಮನೆಯ ಮುಂದೆ ಬೇವಿನ ಮರದಡಿ ನಿಲ್ಲುವ ಮಹೀಂದ್ರ ಜೀಪಿಗೆ ವಯಸ್ಸಾಗಿದೆ. ಅದರ ಯಜಮಾನರಿಗೂ ಆಗಿದೆ, ಎಪ್ಪತ್ತೊಂದು. ಸಂಡೂರಿನ ಕಡೆ ಗಣಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು. ಅದಿರು ಲಾರಿಗಳ ಕೆಂಪು ದೂಳಿನ ನಡುವೆ ಈ ಜೀಪನ್ನು ಎಷ್ಟು ಓಡಿಸಿದ್ದರೆಂದರೆ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿ ಅವರ ಕೆಲಸ ಹೋದ ಮೇಲೂ ಸೀಟಿನ ಹೊಲಿಗೆಯಿಂದ ಆ ದೂಳು ಪೂರ್ತಿ ಹೋಗಲಿಲ್ಲ. ಕೆಲಸ ಹೋಯಿತು, ಜೀಪು ಉಳಿಯಿತು.

ಅಂಥವರು ಕಳೆದ ಬೇಸಿಗೆಯಿಂದೀಚೆಗೆ ಜೀಪಿನ ಕೀಲಿ ಮುಟ್ಟುವುದನ್ನೇ ಬಿಟ್ಟಿದ್ದರು. ಕೇಳಿದರೆ, "ಡೀಸೆಲ್ ರೇಟು ನೋಡಿಯೇನು?" ಎನ್ನುತ್ತಿದ್ದರು. ಮನೆಯಾಕೆ ನಂಬಿದರು. ಡೀಸೆಲ್ ರೇಟಿನ ಮಾತನ್ನು ಯಾರು ತಾನೇ ನಂಬುವುದಿಲ್ಲ?

ಡಿಸೆಂಬರಿನಲ್ಲಿ ಮಗ ರಜೆಗೆ ಬಂದ. ಅಮೆರಿಕದ ಮಿಷಿಗನ್ನಿನಲ್ಲಿ ಎಂಜಿನಿಯರ್. ಬಂದ ಮೂರನೇ ದಿನ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸಪೇಟೆ ರಸ್ತೆಗೆ ಜೀಪು ಇಳಿಸಿದ. ಕುಡತಿನಿ ದಾಟುವ ಹೊತ್ತಿಗೆ ಮುಳ್ಳು 60ರ ಹತ್ತಿರ ಬಂತು. ಸೀಟಿನ ಕೆಳಗಿನಿಂದ ಗುಂಯ್ ಎಂಬ ಸದ್ದು ಎದ್ದಿತು. ಗೇರಿನ ಕೋಲು ಜ್ವರ ಬಂದವರಂತೆ ನಡುಗತೊಡಗಿತು. ಮಗ ಕಾಲು ಸಡಿಲಿಸಿದ, ನಡುಕ ನಿಂತಿತು. ಒತ್ತಿದ, ಮತ್ತೆ ಶುರುವಾಯಿತು.

"ಪ್ರೊಪೆಲ್ಲರ್ ಶಾಫ್ಟು ಅಪ್ಪಾ, ಬೇರೇನೂ ಅಲ್ಲ" ಎಂದ.

ಯಜಮಾನರು ಮಾತಾಡಲಿಲ್ಲ. ಗೇರಿನ ಕೋಲನ್ನೇ ನೋಡುತ್ತ ಕುಳಿತಿದ್ದರು.

ಅಂದು ರಾತ್ರಿ ಊಟದ ಹೊತ್ತಿಗೆಲ್ಲ ಅಲ್ಯೂಮಿನಿಯಂ ಶಾಫ್ಟಿನದೇ ಮಾತು. ಮಗನ ಹತ್ತಿರ ಅಲ್ಲಿ 2006ರ ಮಸ್ಟಾಂಗ್ ಕಾರಿದೆ. ಅದಕ್ಕೆ ಕಾರ್ಖಾನೆಯವರು ಕೊಟ್ಟಿದ್ದು ಎರಡು ತುಂಡಿನ ಉಕ್ಕಿನ ಶಾಫ್ಟು, ನಡುವೆ ಒಂದು ಸೆಂಟರ್ ಬೇರಿಂಗು. ಅದನ್ನು ತೆಗೆದು ಒಂದೇ ತುಂಡಿನ ಅಲ್ಯೂಮಿನಿಯಂ ಶಾಫ್ಟು ಹಾಕಿಸಿದ್ದಾನೆ. ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಉಕ್ಕಿನ ಸಾಂದ್ರತೆ ನೀರಿನ 7.8 ಪಟ್ಟಾದರೆ ಅಲ್ಯೂಮಿನಿಯಂನದು 2.7 ಪಟ್ಟು. ಹಾಗಾದರೆ ಮೂರನೇ ಒಂದು ಪಾಲಿಗೆ ಯಾಕೆ ಇಳಿಯಲಿಲ್ಲವೆಂದರೆ, ಅಲ್ಯೂಮಿನಿಯಂ ಬಾಗುವುದೂ ಉಕ್ಕಿಗಿಂತ ಮೂರು ಪಟ್ಟು ಸಲೀಸು. ಆದ್ದರಿಂದ ಕೊಳವೆಯನ್ನು ದಪ್ಪಗೆ, ಅಗಲವಾಗಿ ಮಾಡಬೇಕು. ಇದನ್ನೆಲ್ಲ ಮಗ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಬರೆದು ತೋರಿಸಿದ. ಮರುದಿನ ಬೆಳಿಗ್ಗೆ ಜೀಪಿನಡಿ ಮಲಗಿ ಟೇಪು ಹಿಡಿದು ಅಳತೆ ತೆಗೆದ. ಬೆಂಗಳೂರಿಗೆ ಎರಡು ಫೋನು ಹೋದವು.

"ಎಷ್ಟಾಗ್ತೈತಪ್ಪಾ?"

"ಅದನ್ನು ಬಿಡಪ್ಪಾ, ನಾನು ಕೊಡ್ತೀನಿ."

ದೂರದಲ್ಲಿರುವ ಮಕ್ಕಳ ಕಷ್ಟವೇ ಇದು. ಇಡೀ ವರ್ಷದ್ದನ್ನು ಮೂರು ವಾರದಲ್ಲಿ ಮಾಡಿ ಮುಗಿಸಬೇಕು, ಮಾಡಿದ್ದು ಕಣ್ಣಿಗೆ ಕಾಣಬೇಕು. ತೂಕ ಇಳಿಸಿದರೆ ಗಾಡಿ ಚುರುಕಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಶಾಫ್ಟಿನ ತೂಕವೆಲ್ಲ ಅದು ಸುತ್ತುವ ನಡುಗೆರೆಗೆ ಹತ್ತಿರವೇ ಇರುತ್ತದೆ. ಅದನ್ನು ತಿರುಗಿಸಲು ಎಂಜಿನ್ನಿಗೆ ಬೀಳುವ ಹೊರೆ, ಚಕ್ರಗಳನ್ನು ತಿರುಗಿಸುವ ಹೊರೆಯ ಮುಂದೆ ತೀರಾ ಸಣ್ಣದು. ಮಗನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಆಸೆ.

ಶಾಫ್ಟು ಬಿಚ್ಚಲೇಬೇಕಿತ್ತಲ್ಲ, ಹಳೆಯ ಮಿಸ್ತ್ರಿಗೆ ಹೇಳಿ ಕಳಿಸಿದರು. ಗಣಿಯ ದಿನಗಳಿಂದ ಈ ಜೀಪಿನ ನಾಡಿ ಬಲ್ಲವರು. ಬಂದವರೇ ಗೋಣಿಚೀಲ ಹಾಸಿ ಕೆಳಗೆ ನುಸುಳಿದರು. ಕ್ರಾಸನ್ನು ಹಿಡಿದು ಅಲ್ಲಾಡಿಸಿದರು. ಬಟ್ಟೆಯಿಂದ ಶಾಫ್ಟಿನ ಒಂದು ಜಾಗವನ್ನು ಉಜ್ಜಿದರು. ಬಹಳ ಹೊತ್ತು ಸದ್ದಿಲ್ಲ.

"ಯಜಮಾನ್ರೇ, ಈ ಕ್ರಾಸ್ ಯಾವಾಗ ಹಾಕ್ಸಿದ್ರಿ?"

"ಹ್ವಾದ ಬ್ಯಾಸಿಗ್ಯಾಗ. ಹೈವೇ ಮ್ಯಾಲೆ ಕೈಕೊಟ್ಟಿತ್ತು. ಅಲ್ಲೇ ಒಂದು ಗ್ಯಾರೇಜ್ನಾಗ ಹಾಕಿಸ್ದೆ."

"ಕ್ರಾಸ್ ಚಲೋ ಐತಿ. ಹಾಕ್ದೋರು ನೋಡಿ ಹಾಕಿಲ್ಲ, ಅಷ್ಟೇ. ಬಗ್ಗಿ ನೋಡ್ರಿ ಸಾರ್" ಎಂದು ಮಗನನ್ನು ಕರೆದರು.

ಜೀಪಿನ ಹಿಂದಿನ ಅಚ್ಚು ಪಟ್ಟಿಗಳ ಮೇಲೆ ಏರಿಳಿಯುತ್ತಿರುತ್ತದೆ. ಹಾಗೆ ಏರಿಳಿದಾಗಲೆಲ್ಲ ಅಚ್ಚಿಗೂ ಗೇರು ಪೆಟ್ಟಿಗೆಗೂ ನಡುವಿನ ದೂರ ಹೆಚ್ಚುಕಡಿಮೆಯಾಗುವುದರಿಂದ, ಶಾಫ್ಟನ್ನು ಒಂದರೊಳಗೊಂದು ಜಾರುವ ಎರಡು ತುಂಡಾಗಿ ಮಾಡಿರುತ್ತಾರೆ, ಒಳಗೆ ಹಲ್ಲುಗಳಿರುತ್ತವೆ. ಎರಡು ತುದಿಗೆ ಎರಡು ಕ್ರಾಸು. ಇದರ ಗುಟ್ಟು ಮುನ್ನೂರು ವರ್ಷಕ್ಕೂ ಹಿಂದೆ ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿಗೆ ತಿಳಿದಿತ್ತು: ಓರೆಯಾಗಿ ನಿಂತ ಒಂದು ಕ್ರಾಸು ಸಮನಾಗಿ ತಿರುಗುವುದಿಲ್ಲ, ಪ್ರತಿ ಸುತ್ತಿನಲ್ಲಿ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. ಮುಂದಿನದು ಓಡಿದಾಗ ಹಿಂದಿನದು ತಡೆದರೆ ಲೆಕ್ಕ ಸರಿಹೋಗುತ್ತದೆ. ಅದಕ್ಕೆ ಶಾಫ್ಟಿನ ಎರಡು ತುದಿಯ ಕವಲುಗಳೂ ಒಂದೇ ನೇರದಲ್ಲಿರಬೇಕು. ಇಲ್ಲಿ ಹಲ್ಲುಗಳು ಪಕ್ಕಕ್ಕೆ ಕೂತು ಕವಲುಗಳು ತಿರುಚಿಕೊಂಡಿದ್ದವು. 60ರ ವೇಗದಲ್ಲಿ ಶಾಫ್ಟು ನಿಮಿಷಕ್ಕೆ ಸುಮಾರು 2,000 ಸುತ್ತು ಹಾಕುತ್ತದೆ. ಸುತ್ತಿಗೆ ಎರಡು ಏಟಿನಂತೆ ಲೆಕ್ಕ ಹಾಕಿಕೊಳ್ಳಿ.

ತಪ್ಪಾಗಬಾರದೆಂದೇ ಕಾರ್ಖಾನೆಯವರು ಎರಡೂ ತುಂಡಿನ ಮೇಲೆ ಬಾಣದ ಗುರುತು ಒತ್ತಿರುತ್ತಾರೆ. ಬಾಣಕ್ಕೆ ಬಾಣ ಎದುರಾಗಬೇಕು. ಗ್ರೀಸು, ಕೆಂಪು ಮಣ್ಣು ಮೆತ್ತಿಕೊಂಡು ಆ ಎರಡು ಬಾಣಗಳೂ ಮುಚ್ಚಿಹೋಗಿದ್ದವು.

ಮಗ ಅಲ್ಯೂಮಿನಿಯಂ ಶಾಫ್ಟಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದ. ಮಿಸ್ತ್ರಿ ಕಣ್ಣು ಕಿರಿದು ಮಾಡಿ ನೋಡಿದರು. "ಚಂದ ಐತಿ ಸಾರ್. ಡಾಂಬರ್ ರೋಡಿಗೆ ಭಾಳ ಚಂದ. ಗಣಿ ರಸ್ತ್ಯಾಗ ಒಂದು ಕಲ್ಲು ಹಾರಿ ಬಡೀತಂದ್ರೆ ಪಾತ್ರಿ ತಗ್ಗು ಬಿದ್ದಂಗ ಬೀಳ್ತೈತಿ. ತಗ್ಗು ಬಿದ್ದ ಪೈಪು ತಿರುವಿಗೆ ತಡ್ಯಂಗಿಲ್ಲ. ಇದಾದ್ರೆ ಬಗ್ಗಿದ್ರೂ ಲೇತಿಗೆ ಹಾಕಿ ನೆಟ್ಟಗೆ ಮಾಡಬಹುದು." ಒಮ್ಮೆ ಸಂಡೂರಿನ ಇಳಿಜಾರಿನಲ್ಲಿ ಲಾರಿಯೊಂದರ ಶಾಫ್ಟು ಮುಂದಿನ ತುದಿಯಲ್ಲಿ ಕಳಚಿ ನೆಲಕ್ಕೆ ಕುತ್ತಿದ್ದನ್ನು ಯಜಮಾನರು ಆಗ ನೆನೆದರು. ಹೆಚ್ಚಿಗೆ ಹೇಳಲಿಲ್ಲ.

ಕೆಲಸ ಅರ್ಧ ಗಂಟೆಯದು. ಶಾಫ್ಟನ್ನು ಎಳೆದು, ಹಲ್ಲು ತೊಳೆದು, ಬಾಣಕ್ಕೆ ಬಾಣ ಕೂಡಿಸಿ, ಗ್ರೀಸು ಹೊಡೆದು ಮಿಸ್ತ್ರಿ ಎದ್ದರು. ಬರೀ ಕೂಲಿ, ಗ್ರೀಸಿನ ದುಡ್ಡು ತಗೊಂಡರು.

ಸಂಜೆ ಮತ್ತೆ ಹೊಸಪೇಟೆ ರಸ್ತೆ. ಈ ಸಲ ಮಗ ಕೀಲಿಯನ್ನು ಅಪ್ಪನ ಕೈಗೇ ಕೊಟ್ಟ. ಅವರು ಬೇಡವೆಂದರು, ಮತ್ತೆ ತಗೊಂಡರು. 50 ಆಯಿತು, 60 ಆಯಿತು, 65 ಆಯಿತು. ಕುಡತಿನಿಯ ಚಹದಂಗಡಿಯ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದ ಮೇಲೂ ಅವರ ಎಡಗೈ ಗೇರಿನ ಕೋಲಿನ ಮೇಲೇ ಇತ್ತು.

"ನನ್ನ ಕೈ ನಡುಗ್ತೈತಿ ಅನ್ಕೊಂಡಿದ್ದೆ ನಾನು" ಎಂದರು.

ಮಗನಿಗೆ ತಕ್ಷಣ ಅರ್ಥವಾಗಲಿಲ್ಲ. ಯಜಮಾನರು ಅಂಗಿಯ ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದರು. ಬೆಂಗಳೂರಿನ ನರರೋಗದ ವೈದ್ಯರೊಬ್ಬರ ವಿಳಾಸ. ಅವರ ಅಣ್ಣನಿಗೂ ಹೀಗೆಯೇ ಎಪ್ಪತ್ತರ ಹೊತ್ತಿಗೆ ಕೈಯಿಂದಲೇ ಶುರುವಾಗಿತ್ತು, ಕಡೆಗೆ ಚಮಚ ಹಿಡಿಯಲಾಗುತ್ತಿರಲಿಲ್ಲ. ಎಂಟು ತಿಂಗಳು ಈ ಚೀಟಿ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗಿ ಮಡಿಕೆಯಲ್ಲಿ ಹರಿದಿತ್ತು.

"ಅವ್ವಗ ಹೇಳಬ್ಯಾಡ" ಎಂದರು. ಚಹ ಬಂತು. ಮಗ ಗಾಜಿನ ಲೋಟವನ್ನೂ ಅಪ್ಪನ ಕೈಯನ್ನೂ ಒಟ್ಟಿಗೆ ನೋಡಿದ. ಚಹ ತುಳುಕಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಬೇವಿನ ಮರದಡಿ ಜೀಪಿರಲಿಲ್ಲ. ಹತ್ತು ಗಂಟೆಗೆ ಸಂಡೂರಿನಿಂದ ಬಂದು ಇಳಿದವರನ್ನು ಮನೆಯಾಕೆ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು:

"ಡೀಸೆಲ್ ರೇಟು ಇಳೀತೇನ್ರೀ?"